ಅಡಿಕೆಯಂತೆ ಬೀಳುವ ವಿಮಾನ

ಕಳೆದ ವರ್ಷ ಡಿಸೆಂಬರಿನಲ್ಲಿ ಮೂರು ವಾರ ರಜೆ ಹಾಕಿ ಊರಿಗೆ ಬಂದಾಗ ನಮ್ಮ ಮನೆಯಲ್ಲಿ ಅಡಿಕೆ ಕೊಯ್ಲು ಜೋರಾಗಿ ನಡೆದಿತ್ತು. ಶಿರಸಿಯಿಂದ ಸಿದ್ದಾಪುರಕ್ಕೆ ಹೋಗುವ ಹಾದಿಯಲ್ಲಿ ಒಳಗೆ ತಿರುಗಿ, ಎರಡು ಹಳ್ಳ ದಾಟಿದರೆ ಸಿಗುವ ಮನೆ ನಮ್ಮದು. ಅಂಗಳದ ಚಪ್ಪರದ ಕೆಳಗೆ ಸುಲಿಯುವವರು ಮೆಟ್ಟುಗತ್ತಿಯ ಮುಂದೆ ಸಾಲಾಗಿ ಕುಳಿತಿದ್ದರು. ಹಿತ್ತಲಿನ ಒಲೆಯ ಮೇಲೆ ತಾಮ್ರದ ಹಂಡೆಯಲ್ಲಿ ಅಡಿಕೆ ಬೇಯುತ್ತಿತ್ತು. ನಾನು ಫ್ರಾನ್ಸಿನ ಪ್ರಯೋಗಾಲಯವೊಂದರಲ್ಲಿ ದ್ರವಗಳು ಕುದಿಯುವ ಬಗೆಯನ್ನು ಅಭ್ಯಾಸ ಮಾಡುವ ಕೆಲಸದಲ್ಲಿದ್ದೇನೆಂಬುದು ಮನೆಯವರಿಗೆ ಮೊದಲಿನಿಂದ ಗೊತ್ತಿತ್ತಾದರೂ, ಅವರು ಆ ಕೆಲಸದ ಬಗ್ಗೆ ಕುತೂಹಲ ತೋರಿದ್ದು ಈ ಸಲವೇ. ಅದಕ್ಕೆ ಕಾರಣ, ಮನೆಯ ವಾಟ್ಸ್ಯಾಪ್ ಗುಂಪಿಗೆ ನಾನು ಅಕ್ಟೋಬರಿನಲ್ಲಿ ಕಳಿಸಿದ್ದ ಎರಡು ಫೋಟೋಗಳು. ಒಂದರಲ್ಲಿ ನಾನು ವಿಮಾನದ ಒಳಗೆ, ನೆಲದಿಂದ ಒಂದು ಮೊಳ ಮೇಲೆ, ಜಡೆ ನೆಟ್ಟಗೆ ನಿಂತುಕೊಂಡು, ಬಾಯಿ ತೆರೆದುಕೊಂಡು ತೇಲುತ್ತಿದ್ದೇನೆ. ಇನ್ನೊಂದರಲ್ಲಿ ನೆಲದ ಪಟ್ಟಿಯೊಂದಕ್ಕೆ ಕಾಲು ಸಿಕ್ಕಿಸಿಕೊಂಡು ನಮ್ಮ ಯಂತ್ರದ ಮುಂದೆ ಕೆಲಸ ಮಾಡುತ್ತಿದ್ದೇನೆ. ಎರಡನೆಯದನ್ನು ಯಾರೂ ಸರಿಯಾಗಿ ನೋಡಿರಲಿಲ್ಲ. ಮೊದಲನೆಯದನ್ನು ಮಾತ್ರ ಊರಿಗೆಲ್ಲ ತೋರಿಸಿಯಾಗಿತ್ತು.

ಹೈಸ್ಕೂಲಿನಲ್ಲಿ ಮಾಸ್ತರರಾಗಿ ನಿವೃತ್ತರಾದ ನನ್ನ ಸೋದರಮಾವ ಬಂದ ಮೊದಲ ಸಂಜೆಯೇ ವಿಷಯಕ್ಕೆ ಕೈ ಹಾಕಿದರು. "ಅಷ್ಟು ಎತ್ತರಕ್ಕೆ ಹೋದ್ರೆ ಭೂಮಿ ಎಳೆಯದು ನಿಂತು ಹೋಗ್ತು, ಅಲ್ದನೆ?" ಎಂದು ಕೇಳಿದರು. ಇದು ಅವರೊಬ್ಬರ ತಪ್ಪು ತಿಳಿವಳಿಕೆಯಲ್ಲ. ಬಾಹ್ಯಾಕಾಶ ನಿಲ್ದಾಣದಲ್ಲಿ ತೇಲುವವರ ಚಿತ್ರ ನೋಡಿದ ಮುಕ್ಕಾಲು ಪಾಲು ಜನ ಹಾಗೆಯೇ ತಿಳಿದಿರುತ್ತಾರೆ. ಆ ನಿಲ್ದಾಣ ಸುತ್ತುವುದು ನೆಲದಿಂದ ಸುಮಾರು 400 ಕಿಲೋಮೀಟರ್ ಮೇಲೆ, ಎಂದರೆ ಶಿರಸಿಯಿಂದ ರಾತ್ರಿ ಹೊರಟ ಬಸ್ಸು ಬೆಳಗಾಗುವುದರೊಳಗೆ ಬೆಂಗಳೂರು ಮುಟ್ಟುವಷ್ಟೇ ದೂರದಲ್ಲಿ. ಅಲ್ಲಿಯೂ ಭೂಮಿಯ ಎಳೆತ ಇಲ್ಲಿಯದರ ನೂರಕ್ಕೆ ಸುಮಾರು 90ರಷ್ಟು ಉಳಿದೇ ಇರುತ್ತದೆ. ನಾನು ಹತ್ತಿದ ವಿಮಾನವಾದರೋ ಎಂಟೂವರೆ ಕಿಲೋಮೀಟರಿಗಿಂತ ಮೇಲೆ ಹೋಗಲೇ ಇಲ್ಲ. ಅದು ಸಾಧಾರಣ ಪ್ರಯಾಣಿಕರ ವಿಮಾನಗಳು ಓಡಾಡುವ ಎತ್ತರಕ್ಕಿಂತಲೂ ಕಡಿಮೆ. ಅಷ್ಟು ಮೇಲೆ ಹೋದರೆ ಎಳೆತದಲ್ಲಿ ಸಾವಿರಕ್ಕೆ ಮೂರು ಪಾಲಿನಷ್ಟೂ ಕಡಿತವಾಗುವುದಿಲ್ಲ. ಹಾಗಿದ್ದೂ ಆ ಫೋಟೋದಲ್ಲಿ ನನ್ನ ಪಾದದ ಕೆಳಗೆ ಏನೂ ಇಲ್ಲ.

ಮಾವನಿಗೆ ಸೂತ್ರ ಬರೆದು ತೋರಿಸಬಹುದಿತ್ತು. ಆದರೆ ಪಕ್ಕದಲ್ಲಿ ಕುಳಿತು ಕಿವಿಗೊಟ್ಟಿದ್ದ ಅಮ್ಮಮ್ಮನಿಗೂ ತಿಳಿಯಬೇಕಿತ್ತಾದ್ದರಿಂದ, ಅದೇ ದಿನ ಬೆಳಿಗ್ಗೆ ತೋಟದಲ್ಲಿ ಕಂಡದ್ದನ್ನು ಹೇಳಿದೆ. ನಮ್ಮಲ್ಲಿ ಕೊನೆಗೌಡರು ಮರದ ತುದಿಯಲ್ಲಿ ಕೊನೆ, ಎಂದರೆ ಅಡಿಕೆಯ ಗೊನೆ, ಕೊಯ್ದು, ಕೆಳಗೆ ಒಬ್ಬರು ಬಿಗಿಯಾಗಿ ಹಿಡಿದು ನಿಂತ ಹಗ್ಗದ ಮೇಲೆ ಅದನ್ನು ಜಾರಿಸುತ್ತಾರೆ. ಆ ಬೆಳಿಗ್ಗೆ ಒಂದು ಕೊನೆ ಹಗ್ಗಕ್ಕೆ ಸಿಗುವ ಮೊದಲೇ ಕೈಜಾರಿ ನೇರವಾಗಿ ಬಿತ್ತು. ಅದರ ಜೊತೆಯಲ್ಲೇ ತೊಟ್ಟು ಕಳಚಿದ ನಾಲ್ಕೈದು ಅಡಿಕೆಗಳು ಕೂಡ ಬಿದ್ದವು. ಐವತ್ತು ಅಡಿ ಎತ್ತರದಿಂದ ನೆಲ ಮುಟ್ಟಲು ಎರಡು ಸೆಕೆಂಡೂ ಹಿಡಿಯುವುದಿಲ್ಲ. ಆ ಹೊತ್ತಿನಲ್ಲಿ ಆ ಬಿಡಿ ಅಡಿಕೆಗಳು ಕೊನೆಯ ಪಕ್ಕದಲ್ಲಿ ಎಲ್ಲಿದ್ದವೋ ಅಲ್ಲಿಯೇ ಇದ್ದವು, ಹಿಂದೆ ಉಳಿಯಲಿಲ್ಲ, ಮುಂದೆ ಓಡಲಿಲ್ಲ. ಕೊನೆಯ ಮೇಲೆ ಒಂದು ಚಗಳಿ ಇರುವೆ ಕುಳಿತಿತ್ತೆಂದುಕೊಳ್ಳಿ. ಅದರ ಕಣ್ಣಿಗೆ ಪಕ್ಕದ ಅಡಿಕೆ ಗಾಳಿಯಲ್ಲಿ ಸುಮ್ಮನೆ ತೂಗುತ್ತಿರುವಂತೆ ಕಾಣುತ್ತಿತ್ತು. ಚಗಳಿಯ ಕಾಲುಗಳೂ ಕೊನೆಯನ್ನು ಒತ್ತುತ್ತಿರಲಿಲ್ಲ, ಕೊನೆಯೂ ಅದನ್ನು ಹೊತ್ತಿರಲಿಲ್ಲ, ಏಕೆಂದರೆ ಎರಡೂ ಒಂದೇ ವೇಗದಲ್ಲಿ ಇಳಿಯುತ್ತಿದ್ದವು. ನೆಲ ಬರುವವರೆಗೆ ಆ ಚಗಳಿಗೆ ತೂಕವೆಂಬುದು ಇರಲಿಲ್ಲ. ನಮಗೆ ತೂಕದ ಅನುಭವವಾಗುವುದು ಭೂಮಿ ಎಳೆಯುವುದರಿಂದಲ್ಲ, ಎಳೆತಕ್ಕೆ ಒಪ್ಪಿ ಬೀಳಲು ಹೊರಟ ನಮ್ಮನ್ನು ಕುರ್ಚಿಯೋ ನೆಲವೋ ಅಡ್ಡಬಂದು ತಡೆಯುವುದರಿಂದ. ತಡೆಯುವುದೂ ನಮ್ಮ ಜೊತೆಗೇ ಬೀಳತೊಡಗಿದರೆ ತೂಕ ತಾನಾಗಿ ಇಲ್ಲವಾಗುತ್ತದೆ.

ಅಮ್ಮಮ್ಮ ಸ್ವಲ್ಪ ಹೊತ್ತು ಸುಮ್ಮನಿದ್ದು, ಕವಳದ ತಟ್ಟೆಯನ್ನು ಹತ್ತಿರಕ್ಕೆ ಎಳೆದುಕೊಳ್ಳುತ್ತ, "ಹಂಗಾರೆ ನೀ ಹಾರಿದ್ದಲ್ಲ ಕೂಸೆ, ಬಿದ್ದಿದ್ದು" ಎಂದರು.

ಫ್ರಾನ್ಸಿನಲ್ಲಿ ಹಾರಾಟಕ್ಕೆ ಮುಂಚೆ ನಮಗೆ ಕೊಟ್ಟ ಒಂದು ದಿನದ ತಿಳಿವಳಿಕೆಯ ತಿರುಳು ಇಷ್ಟೇ ಆಗಿತ್ತು.

ಮಾವ ಅಷ್ಟಕ್ಕೆ ಬಿಡಲಿಲ್ಲ. ವಿಮಾನ ಬಿದ್ದರೆ ಅದು ಅಪಘಾತವಲ್ಲವೇ, ಬಿದ್ದ ಮೇಲೆ ಮತ್ತೆ ಏಳುವುದು ಹೇಗೆ ಎಂಬುದು ಅವರ ಮುಂದಿನ ಪ್ರಶ್ನೆ. ಇಲ್ಲಿ ತಿಳಿಯಬೇಕಾದದ್ದು, ಬೀಳುವುದಕ್ಕೆ ಕೆಳಮುಖವಾಗಿಯೇ ಹೋಗಬೇಕೆಂದಿಲ್ಲ ಎಂಬುದು. ಮಾವಿನಮರಕ್ಕೆ ಕಲ್ಲು ಬೀರಿದಾಗ ಆ ಕಲ್ಲು ಕೈಬಿಟ್ಟ ಕ್ಷಣದಿಂದಲೇ ಬೀಳತೊಡಗಿರುತ್ತದೆ. ಮೇಲೆ ಹೋಗುತ್ತಿರುವಾಗಲೂ ಅದರ ವೇಗ ಸೆಕೆಂಡಿಗೆ ಸೆಕೆಂಡಿಗೆ ಅಷ್ಟೇ ಪ್ರಮಾಣದಲ್ಲಿ ಕುಸಿಯುತ್ತಿರುತ್ತದೆ. ಅದು ಗಾಳಿಯಲ್ಲಿ ಬರೆಯುವ ಬಾಗಿದ ದಾರಿಯನ್ನೇ ನಾವು ಶಾಲೆಯಲ್ಲಿ ಪರವಲಯವೆಂದು ಕಲಿತದ್ದು. ನಮ್ಮ ವಿಮಾನ ಮಾಡುವುದೂ ಇದನ್ನೇ. ಸುಮಾರು 6000 ಮೀಟರ್ ಎತ್ತರದಲ್ಲಿ ಗಂಟೆಗೆ 800 ಕಿಲೋಮೀಟರ್ ಮೀರಿದ ವೇಗದಲ್ಲಿ ಸಾಗುತ್ತಿರುವಾಗ ಪೈಲಟ್ ಮೂತಿಯನ್ನು ಮೇಲೆತ್ತುತ್ತಾರೆ. ಇಪ್ಪತ್ತು ಸೆಕೆಂಡುಗಳಲ್ಲಿ ಅದು ಹೆಚ್ಚುಕಡಿಮೆ 50 ಡಿಗ್ರಿಯಷ್ಟು ಕಡಿದಾಗಿ ಏರತೊಡಗುತ್ತದೆ. ಅಲ್ಲಿಂದ ವಿಮಾನವನ್ನು ಬೀರಿದ ಕಲ್ಲಿನ ದಾರಿಗೆ ಬಿಡುತ್ತಾರೆ. ಮೊದಲ ಹನ್ನೊಂದು ಸೆಕೆಂಡು ಏರುತ್ತ, ಮುಂದಿನ ಹನ್ನೊಂದು ಸೆಕೆಂಡು ಇಳಿಯುತ್ತ, ಒಟ್ಟು 22 ಸೆಕೆಂಡು ಅದು ಬೀಳುತ್ತದೆ. ದಾರಿಯ ನೆತ್ತಿಯಲ್ಲಿ ವೇಗ ಅರ್ಧಕ್ಕಿಂತ ಕೆಳಗೆ ಇಳಿದಿರುತ್ತದೆ. ಆಮೇಲೆ ಮೂತಿ ಕೆಳಗಾದ ವಿಮಾನವನ್ನು ಮತ್ತೆ ಇಪ್ಪತ್ತು ಸೆಕೆಂಡುಗಳಲ್ಲಿ ಎತ್ತಿ ಸಮಕ್ಕೆ ತಂದು ನಿಲ್ಲಿಸುತ್ತಾರೆ.

ಇಷ್ಟು ಕೇಳಿದರೆ ಎಂಜಿನ್ ನಿಲ್ಲಿಸಿ ಕೈಬಿಟ್ಟರೆ ಸಾಕಲ್ಲ ಎನ್ನಿಸಬಹುದು. ಆದರೆ ಕೈಬಿಟ್ಟ ವಿಮಾನ ಅಡಿಕೆಯಂತೆ ಬೀಳುವುದಿಲ್ಲ, ಹಾಳೆಯಂತೆ ಬೀಳುತ್ತದೆ. ಅಡಿಕೆಯ ಹಾಳೆ ಮರದಿಂದ ಕಳಚಿಕೊಂಡು ಬರುವುದನ್ನು ನೋಡಿದವರಿಗೆ ವ್ಯತ್ಯಾಸ ಹೇಳಬೇಕಾಗಿಲ್ಲ: ಅದು ಗಾಳಿಗೆ ಒರಗಿಕೊಂಡು, ಅತ್ತ ವಾಲಿ ಇತ್ತ ವಾಲಿ, ಬೇಕಾದ ಹೊತ್ತಿಗೆ ಕೆಳಗೆ ಬರುತ್ತದೆ. ಹಾಳೆಯ ಮೇಲೆ ಕುಳಿತ ಚಗಳಿಗೆ ತೂಕ ತಪ್ಪುವುದಿಲ್ಲ, ಗಾಳಿ ಹಾಳೆಯನ್ನು ತಡೆಯುತ್ತಿರುತ್ತದೆ, ಹಾಳೆ ಚಗಳಿಯನ್ನು ತಡೆಯುತ್ತಿರುತ್ತದೆ. ವಿಮಾನಕ್ಕೂ ಗಾಳಿಯ ತಡೆಯಿದೆ, ಅದಕ್ಕೆ ಮೇಲೆ ರೆಕ್ಕೆಗಳ ಎತ್ತುವಿಕೆಯಿದೆ. ರೆಕ್ಕೆ ಮಾಡಿದ್ದೇ ಬೀಳದಿರಲು. ಆದ್ದರಿಂದ ಆ 22 ಸೆಕೆಂಡು ರೆಕ್ಕೆಯ ಎತ್ತುವಿಕೆ ಸೊನ್ನೆಯಾಗುವಂತೆ ಮೂತಿಯನ್ನು ಹಿಡಿಯಬೇಕು. ಗಾಳಿ ಎಷ್ಟು ಬಲದಿಂದ ಹಿಂದಕ್ಕೆ ಎಳೆಯುತ್ತದೋ ಅಷ್ಟೇ ಬಲದಿಂದ, ಒಂದಿಷ್ಟೂ ಹೆಚ್ಚಿಲ್ಲದೆ, ಎಂಜಿನ್ ಮುಂದಕ್ಕೆ ತಳ್ಳಬೇಕು. ವೇಗ ಪ್ರತಿ ಕ್ಷಣ ಬದಲಾಗುವುದರಿಂದ ಆ ಅಳತೆಯೂ ಪ್ರತಿ ಕ್ಷಣ ಬದಲಾಗುತ್ತದೆ. ಇದನ್ನು ಒಬ್ಬರೇ ನಿಭಾಯಿಸುವುದಿಲ್ಲ. ಒಬ್ಬ ಪೈಲಟ್ ಮೂತಿಯ ಏರಿಳಿತವನ್ನು ಮಾತ್ರ ನೋಡಿಕೊಳ್ಳುತ್ತಾರೆ, ಇನ್ನೊಬ್ಬರು ರೆಕ್ಕೆ ಎಡಬಲಕ್ಕೆ ವಾಲದಂತೆ ಹಿಡಿಯುತ್ತಾರೆ, ಮೂರನೆಯವರು ಎಂಜಿನ್ನುಗಳು ತಳ್ಳುವ ಬಲವನ್ನು ಹೊಂದಿಸುತ್ತಾರೆ. ಒಂದು ವಿಮಾನವನ್ನು ಹಾಳೆಯಾಗಲು ಬಿಡದೆ ಅಡಿಕೆಯಾಗಿಸುವುದಕ್ಕೆ ಮೂರು ಜನ ಬೇಕು. ಇಷ್ಟೆಲ್ಲ ಮಾಡಿಯೂ ತೂಕ ಪೂರ್ತಿ ಸೊನ್ನೆಯಾಗುವುದಿಲ್ಲ. ನೂರರಲ್ಲಿ ಒಂದೆರಡು ಪಾಲಿನಷ್ಟು ಆಚೀಚೆ ಅಲುಗುತ್ತಲೇ ಇರುತ್ತದೆ. ಆ ಅಲುಗಾಟವನ್ನು ನಾನು ಕಣ್ಣಾರೆ ಕಂಡೆ, ಅದನ್ನು ಮುಂದೆ ಹೇಳುತ್ತೇನೆ.

ಈ ಉಪಾಯ ಹೊಸದಲ್ಲ. ಅಮೆರಿಕದಲ್ಲಿ ಕೆಲಸ ಮಾಡುತ್ತಿದ್ದ ಫ್ರಿಟ್ಸ್ ಹಾಬರ್ ಮತ್ತು ಹೈಂಟ್ಸ್ ಹಾಬರ್ ಎಂಬ ಜರ್ಮನ್ ಸೋದರರು 1950ರಲ್ಲೇ ಇದನ್ನು ಸೂಚಿಸಿದ್ದರು. ಮನುಷ್ಯ ಇನ್ನೂ ಬಾಹ್ಯಾಕಾಶಕ್ಕೆ ಹೋಗದಿದ್ದ, ಹೋದರೆ ಉಣ್ಣಬಲ್ಲನೇ ನುಂಗಬಲ್ಲನೇ ಎಂಬುದೂ ತಿಳಿಯದಿದ್ದ ಕಾಲ ಅದು. ಮರುವರ್ಷವೇ ಪರೀಕ್ಷಾ ಪೈಲಟ್‌ಗಳು ಜೆಟ್ ವಿಮಾನಗಳಲ್ಲಿ ಇದನ್ನು ಮಾಡಿ ನೋಡಿದರು. ಅಮೆರಿಕದ ಮೊದಲ ಗಗನಯಾತ್ರಿಗಳು ತರಬೇತಿ ಪಡೆದದ್ದೂ ಇಂಥ ವಿಮಾನಗಳಲ್ಲೇ. ನಾಸಾ ದಶಕಗಳ ಕಾಲ ಹಾರಿಸಿದ ವಿಮಾನಗಳಿಗೆ 'ವಾಂತಿಯ ಧೂಮಕೇತು' ಎಂಬ ಅಡ್ಡಹೆಸರೇ ಅಂಟಿಕೊಂಡಿತು. ಗಾಲಿಕುರ್ಚಿಯಲ್ಲೇ ಬದುಕು ಕಳೆಯುತ್ತಿದ್ದ ಸ್ಟೀಫನ್ ಹಾಕಿಂಗ್ 2007ರ ಏಪ್ರಿಲಿನಲ್ಲಿ ಅಮೆರಿಕದ ಒಂದು ಖಾಸಗಿ ಬೋಯಿಂಗ್ 727ರಲ್ಲಿ ಎಂಟು ಬಾರಿ ಹೀಗೆ ತೇಲಿದರು. ರಷ್ಯದಲ್ಲಿ ಇಲ್ಯೂಶಿನ್-76 ವಿಮಾನ ಈ ಕೆಲಸಕ್ಕಿದೆ. ನಮ್ಮ ಗಗನಯಾನಕ್ಕೆ ಆಯ್ಕೆಯಾದ ನಾಲ್ವರು ವಾಯುಪಡೆಯ ಪೈಲಟ್‌ಗಳು 2020ರಲ್ಲಿ ತರಬೇತಿಗೆ ರಷ್ಯಕ್ಕೆ ಹೋದಾಗ ಅದರಲ್ಲೇ ತೇಲಿ ಬಂದರು. ಅವರಲ್ಲೊಬ್ಬರಾದ ಶುಭಾಂಶು ಶುಕ್ಲಾ 2025ರ ಜೂನಿನಲ್ಲಿ ನಿಜವಾದ ಬಾಹ್ಯಾಕಾಶ ನಿಲ್ದಾಣಕ್ಕೇ ಹೋಗಿ ಜುಲೈನಲ್ಲಿ ಮರಳಿದ್ದು ಎಲ್ಲರಿಗೂ ಗೊತ್ತು. ಯುರೋಪಿನಲ್ಲಿ ಈ ಹಾರಾಟಗಳನ್ನು ನಡೆಸುವುದು ಬೋರ್ದೋ ನಗರದ ಮೆರಿನ್ಯಾಕ್ ವಿಮಾನ ನಿಲ್ದಾಣದಲ್ಲಿರುವ ನೋವೆಸ್ಪಾಸ್ ಸಂಸ್ಥೆ. ಅವರ ಏರ್‌ಬಸ್ ಎ310 ಮೊದಲು ಜರ್ಮನಿಯ ಚಾನ್ಸೆಲರರನ್ನು ಹೊತ್ತು ತಿರುಗುತ್ತಿದ್ದ ಸರ್ಕಾರಿ ವಿಮಾನ. 2015ರಿಂದ ಈ ಕೆಲಸಕ್ಕೆ ಬಂದಿದೆ. ದೇಶದ ಮುಖ್ಯಸ್ಥರು ಕುಳಿತ ವಿಮಾನದಲ್ಲಿ ನಾನು ತಲೆಕೆಳಗಾಗಿದ್ದೇನೆ ಎಂದು ಹೇಳಿಕೊಳ್ಳಲು ಅಡ್ಡಿಯಿಲ್ಲ.

ವಿಮಾನವೇ ಏಕೆ, ಎತ್ತರದ ಗೋಪುರದಿಂದ ಪೆಟ್ಟಿಗೆಯನ್ನು ಬೀಳಿಸಿದರಾಗದೇ ಎಂದು ಕೇಳುವವರೂ ಇದ್ದಾರೆ. ಆಗುತ್ತದೆ, ಜರ್ಮನಿಯ ಬ್ರೆಮೆನ್ ನಗರದಲ್ಲಿ ಅಂಥದ್ದೊಂದು ಗೋಪುರವಿದೆ. ಗಾಳಿ ತೆಗೆದ ಕೊಳವೆಯೊಳಗೆ ಪ್ರಯೋಗದ ಪೆಟ್ಟಿಗೆ 110 ಮೀಟರ್ ಬೀಳುತ್ತದೆ, 4.74 ಸೆಕೆಂಡು ಸಿಗುತ್ತದೆ. ನಮ್ಮ ಸಿದ್ದಾಪುರ ತಾಲ್ಲೂಕಿನ ಉಂಚಳ್ಳಿ ಜಲಪಾತ, ಅದೇ ಕೆಪ್ಪಜೋಗ, 116 ಮೀಟರ್ ಎತ್ತರದಿಂದ ಧುಮುಕುತ್ತದೆ. ಎಂದರೆ ಅಘನಾಶಿನಿಯ ನೀರಿಗೆ ಗಾಳಿಯ ತಡೆಯಿಲ್ಲದಿದ್ದರೆ ಹೆಚ್ಚುಕಡಿಮೆ ಅಷ್ಟೇ ಹೊತ್ತು ತೂಕ ತಪ್ಪುತ್ತಿತ್ತು. ಸಣ್ಣಂದಿನಿಂದ ಕಿವಿ ಗಡಚಿಕ್ಕುವ ಸದ್ದಿಗಾಗಿ ನೆನಪಿಟ್ಟುಕೊಂಡಿದ್ದ ಆ ಜೋಗವನ್ನು ಈ ಸಲ ನಾನು ನೋಡಿದ್ದು ಗಡಿಯಾರ ಹಿಡಿದುಕೊಂಡು. ಆದರೆ ಗೋಪುರದ ಪೆಟ್ಟಿಗೆ ಕೆಳಗೆ ನಿಲ್ಲುವ ರಭಸಕ್ಕೆ ಮನುಷ್ಯರನ್ನು ಒಡ್ಡುವಂತಿಲ್ಲ. ಐದು ಸೆಕೆಂಡಿನೊಳಗೆ ನಮ್ಮ ದ್ರವ ಕುದಿಯಲು ಮನಸ್ಸು ಮಾಡುವುದೂ ಇಲ್ಲ.

ಅಕ್ಟೋಬರಿನ ಆ ವಾರದಲ್ಲಿ ಮೂರು ದಿನ ಮೂರು ಹಾರಾಟ. ಪ್ರತಿ ಹಾರಾಟದಲ್ಲಿ 31 ಪರವಲಯ. ಬೆಳಗಿನ ತಿಂಡಿಯನ್ನು ತಪ್ಪಿಸಬೇಡಿ ಎಂದು ಹೇಳಿದ್ದರು, ಖಾಲಿ ಹೊಟ್ಟೆ ಇನ್ನೂ ಕೆಡುಕಂತೆ. ಹತ್ತುವ ಮುನ್ನ ವೈದ್ಯರು ತೋಳಿಗೆ ಒಂದು ಚುಚ್ಚುಮದ್ದು ಕೊಟ್ಟರು. ಅದು ಸ್ಕೋಪೋಲಮೀನ್, ವಾಂತಿ ತಡೆಯುವ ಔಷಧ. ನಾವು ಶಿವನಿಗೆ ಏರಿಸುವ ಉಮ್ಮತ್ತದ ಗಿಡದಲ್ಲಿರುವ ವಿಷಗಳಲ್ಲಿ ಇದೂ ಒಂದು. ಊರಿನಲ್ಲಿ ಮಕ್ಕಳು ಮುಟ್ಟಿದರೆ ಕೈ ತೊಳೆಸುವ ಗಿಡದ ಸಾರವನ್ನು ಪರದೇಶದಲ್ಲಿ ತೋಳಿಗೆ ಏರಿಸಿಕೊಂಡೆ. ಅದಾದ ಅರ್ಧ ಗಂಟೆಗೆ ಬಾಯಿ ಒಣಗಿ ನಾಲಿಗೆ ಅಂಗುಳಿಗೆ ಅಂಟತೊಡಗಿತು.

ವಾಂತಿಯ ಕಾರಣವನ್ನು ಇಲ್ಲಿಯೇ ಹೇಳಿಬಿಡುತ್ತೇನೆ, ದೇವಿಮನೆ ಘಟ್ಟದಲ್ಲಿ ನಿಂಬೆಹಣ್ಣು ಮೂಸುತ್ತ ಕುಮಟಾಕ್ಕೆ ಇಳಿದವರಿಗೆ ಉಪಯೋಗವಾದೀತು. ನಮ್ಮ ಒಳಗಿವಿಯಲ್ಲಿ ಲೋಳೆಯ ಪದರದ ಮೇಲೆ ಸುಣ್ಣದ ಸಣ್ಣ ಹರಳುಗಳು ಕುಳಿತಿರುತ್ತವೆ. ತಲೆ ಬಾಗಿದಂತೆ ಅವು ಜಗ್ಗಿ, ಕೆಳಗಿನ ಸೂಕ್ಷ್ಮ ರೋಮಗಳನ್ನು ವಾಲಿಸಿ, ಕೆಳಗೆ ಯಾವುದು ಮೇಲೆ ಯಾವುದು ಎಂದು ಮೆದುಳಿಗೆ ತಿಳಿಸುತ್ತವೆ. ಬಸ್ಸಿನಲ್ಲಿ ಕಣ್ಣಿಗೆ ಮುಂದಿನ ಸೀಟಿನ ಬೆನ್ನು ಅಲುಗದೆ ಕಾಣುತ್ತದೆ, ಕಿವಿ ಮಾತ್ರ ತಿರುವು ತಿರುವು ಎನ್ನುತ್ತದೆ. ಈ ಎರಡು ಸಾಕ್ಷಿಗಳು ಹೊಂದದಿದ್ದಾಗ ಮೆದುಳು ಹೊಟ್ಟೆಯ ಮೇಲೆ ಸಿಟ್ಟು ತೀರಿಸಿಕೊಳ್ಳುತ್ತದೆ. ವಿಮಾನದಲ್ಲಿ ಹರಳುಗಳಿಗೆ ಒಮ್ಮೆ ಇಮ್ಮಡಿಯ ಹತ್ತಿರ ಹತ್ತಿರ ತೂಕ, ಮರುಕ್ಷಣ ಏನೂ ಇಲ್ಲ, ಮತ್ತೆ ತೂಕ. ಅದಕ್ಕೇ ಅಲ್ಲಿ ಮೊದಲ ನಿಯಮ, ತೂಕ ಹೆಚ್ಚಾದಾಗ ತಲೆ ಅಲುಗಿಸಬಾರದು ಎಂಬುದು.

ತೇಲುವ ಫೋಟೋ ನೋಡಿದವರು ಯಾರೂ ಕೇಳದಿದ್ದದ್ದು ಈ ಹೆಚ್ಚಿದ ತೂಕದ ಬಗ್ಗೆ. ಅಟ್ಲಾಂಟಿಕ್ ಸಾಗರದ ಮೇಲೆ ತಲುಪಿದ ಮೇಲೆ ಸೀಟು ಬಿಟ್ಟು ನಡುವಿನ ಸಭಾಂಗಣಕ್ಕೆ ಬಂದೆವು. ಅಲ್ಲಿ ಸೀಟುಗಳಿಲ್ಲ, ನೆಲ ಗೋಡೆ ಮೇಲ್ಛಾವಣಿ ಎಲ್ಲಕ್ಕೂ ಬಿಳಿ ಮೆತ್ತೆ. ನಮ್ಮ ಯಂತ್ರವನ್ನು ನೆಲದ ಹಳಿಗಳಿಗೆ ಬಿಗಿದು, ಚೂಪಾದ ಮೂಲೆಗಳಿಗೆಲ್ಲ ಸ್ಪಂಜು ಕಟ್ಟಿದ್ದೆವು. ಧ್ವನಿವರ್ಧಕದಲ್ಲಿ ಪೈಲಟ್ "ಪುಲ್ ಅಪ್" ಎಂದ ಕೂಡಲೇ ನೆಲ ನನ್ನನ್ನು ಮೇಲೊತ್ತತೊಡಗಿತು. 60 ಕಿಲೋದ ನಾನು ಒಮ್ಮೆಗೇ 108 ಕಿಲೋ ಆದೆ. ಕೆನ್ನೆ ಜೋತಿತು, ರೆಪ್ಪೆ ಭಾರವಾಯಿತು, ತೊಡೆಯ ಮೇಲಿದ್ದ ಕೈಯನ್ನು ಎತ್ತಿ ನೋಡಿದರೆ ಅದು ಬೇರೆ ಯಾರದೋ ಕೈಯನ್ನು ಎತ್ತಿದ ಹಾಗಿತ್ತು. ಇಪ್ಪತ್ತು ಸೆಕೆಂಡು ಎಷ್ಟು ಉದ್ದವೆಂದು ಆಗ ತಿಳಿಯಿತು. ಪೈಲಟ್ ಮೂತಿ ಎದ್ದ ಕೋನವನ್ನು ಎಣಿಸುತ್ತಾರೆ, "ಥರ್ಟಿ... ಫಾರ್ಟಿ...", ಆಮೇಲೆ "ಇಂಜೆಕ್ಷನ್" ಎಂಬ ಒಂದು ಪದ, ಎಂದರೆ ವಿಮಾನ ಬೀಳುವ ದಾರಿಗೆ ಹೊಕ್ಕಿತು ಎಂದು. ಎಂಜಿನ್ನಿನ ಮೊರೆತ ತಗ್ಗಿತು.

ಮಾರಿಕಾಂಬಾ ಜಾತ್ರೆಯ ದೊಡ್ಡ ತೊಟ್ಟಿಲಿನಲ್ಲಿ ಕುಳಿತು ಮೇಲಿನಿಂದ ಕೆಳಗೆ ಇಳಿಯುವಾಗ ಹೊಟ್ಟೆಯೊಳಗಿನದೆಲ್ಲ ಗಂಟಲಿಗೆ ಬಂದಂತಾಗುತ್ತದಲ್ಲ, ಮೊದಲ ಒಂದು ಸೆಕೆಂಡು ಥೇಟ್ ಅದೇ ಆಯಿತು. ತೊಟ್ಟಿಲಿನಲ್ಲಿ ಅದು ಅಲ್ಲಿಗೇ ಮುಗಿದು ತೂಕ ವಾಪಸು ಬರುತ್ತದೆ. ಇಲ್ಲಿ ಬರಲಿಲ್ಲ. ಎರಡನೆಯ ಸೆಕೆಂಡಿನಿಂದ ಒಂದು ವಿಚಿತ್ರವಾದ ನಿಶ್ಚಲತೆ ಆರಂಭವಾಯಿತು. ಬೀಳುತ್ತಿದ್ದೇನೆಂದು ಅನ್ನಿಸಲಿಲ್ಲ, ಹಾರುತ್ತಿದ್ದೇನೆಂದೂ ಅನ್ನಿಸಲಿಲ್ಲ. ಹೊರಗೆ ವಿಮಾನ ಅಷ್ಟು ಕಡಿದಾಗಿ ನಿಂತಿದೆಯೆಂಬ ಸುಳಿವು ಒಳಗೆ ಎಲ್ಲಿಯೂ ಇರಲಿಲ್ಲ. ಮೊದಲು ಗೊತ್ತಾದದ್ದು ಬಟ್ಟೆ. ಹೆಗಲ ಮೇಲೆ ಸದಾ ಕುಳಿತಿರುವ ಅದರ ಭಾರ ಹೋಗಿ, ಅಂಗಿ ಮೈ ಮುಟ್ಟದೆ ಸುತ್ತ ನಿಂತಿತ್ತು. ಆಮೇಲೆ ಜಡೆ. ನಂತರ, ಕುಳಿತಲ್ಲಿಂದ ಏಳಬೇಕೆಂದು ಬೆರಳ ತುದಿಯಿಂದ ನೆಲವನ್ನು ಮುಟ್ಟಿದ್ದಷ್ಟೇ, ಮೇಲ್ಛಾವಣಿ ಹತ್ತಿರ ಬಂದುಬಿಟ್ಟಿತು. ನಗು ಬಂತು. ಸುತ್ತಲಿದ್ದ ಇತರ ತಂಡಗಳ ಪ್ರೊಫೆಸರರೂ ಹಲ್ಲು ಬಿಡುತ್ತಿದ್ದರು. ಮೊದಲ ಪರವಲಯಕ್ಕೆ ಅಲ್ಲಿ ಸೊನ್ನೆಯೆಂದು ಸಂಖ್ಯೆ ಕೊಡುತ್ತಾರೆ, ಅದು ಪರೀಕ್ಷೆಗೆ. ನಗುವುದಕ್ಕೂ ಅದೊಂದೇ ಪುರುಸೊತ್ತು, ಆಮೇಲಿನ ಮೂವತ್ತೂ ಕೆಲಸಕ್ಕೆ.

ನಮ್ಮ ಕೆಲಸ ಕುದಿಯುವುದನ್ನು ನೋಡುವುದು. ಹಿತ್ತಲಿನ ಹಂಡೆಯಲ್ಲಿ ಅಡಿಕೆ ಬೇಯುವಾಗ ತಳದಲ್ಲಿ ಗುಳ್ಳೆ ಹುಟ್ಟುತ್ತದೆ, ಹಂಡೆಯ ಚೊಗರು ನೀರಿಗಿಂತ ಹಗುರವಾದ್ದರಿಂದ ಮೇಲೇಳುತ್ತದೆ, ಅದು ಬಿಟ್ಟ ಜಾಗಕ್ಕೆ ತಣ್ಣನೆಯ ನೀರು ಬಂದು ತಳವನ್ನು ತಂಪು ಮಾಡುತ್ತದೆ. ಬಿಸಿಯನ್ನು ಸಾಗಿಸಲು ಇದಕ್ಕಿಂತ ಒಳ್ಳೆಯ ವ್ಯವಸ್ಥೆಯನ್ನು ಯಾರೂ ಕಂಡುಹಿಡಿದಿಲ್ಲ. ಆದರೆ ತೂಕವೇ ಇಲ್ಲವಾದರೆ ಹಗುರ, ಭಾರ ಎಂಬ ಮಾತಿಗೆ ಅರ್ಥವಿಲ್ಲ. ಗುಳ್ಳೆಗೆ ಮೇಲೇಳುವ ಕಾರಣವೂ ಇಲ್ಲ. ಬಾಹ್ಯಾಕಾಶದ ಯಂತ್ರಗಳನ್ನು ಕುದಿಯುವ ದ್ರವದಿಂದ ತಂಪಾಗಿಡಬೇಕೆಂದರೆ ಆ ಗುಳ್ಳೆ ಏನು ಮಾಡುತ್ತದೆಂದು ಮೊದಲು ತಿಳಿಯಬೇಕು. ನೀರು ಕಾಯಲು ಹೊತ್ತು ಹಿಡಿಯುವುದರಿಂದ ನಾವು ಬಳಸಿದ್ದು 34 ಡಿಗ್ರಿಗೇ ಕುದಿಯುವ ಒಂದು ದ್ರವ. ಮೇ ತಿಂಗಳ ಮಧ್ಯಾಹ್ನ ಕಾರವಾರದ ಕಡಲತೀರದಲ್ಲಿ ಅದನ್ನು ತೆರೆದಿಟ್ಟರೆ ಒಲೆಯಿಲ್ಲದೆ ಕುದಿದೀತು.

ತೂಕ ಹೆಚ್ಚಿದ್ದಾಗ ಗಾಜಿನ ಕಿಟಕಿಯಾಚೆ ಸಾಸಿವೆಯಷ್ಟು ಸಣ್ಣ ಗುಳ್ಳೆಗಳು ಒಂದರ ಹಿಂದೆ ಒಂದು ಅವಸರದಿಂದ ಮೇಲೇಳುತ್ತಿದ್ದವು. "ಇಂಜೆಕ್ಷನ್" ಎಂದ ಮರುಕ್ಷಣ ಆ ಸರ ಕಡಿದುಹೋಯಿತು. ಕೊನೆಗೆ ಹುಟ್ಟಿದ ಗುಳ್ಳೆ ಹುಟ್ಟಿದಲ್ಲೇ ಕೂತಿತು. ದಪ್ಪವಾಯಿತು. ಪಕ್ಕದಲ್ಲಿ ಹುಟ್ಟಿದ ಇನ್ನೊಂದನ್ನು ನುಂಗಿ ಒಮ್ಮೆ ನಡುಗಿತು, ಮತ್ತೆ ಗುಂಡಗಾಯಿತು. ಹತ್ತು ಸೆಕೆಂಡಿನೊಳಗೆ ಕವಡೆಯಷ್ಟು, ಇಪ್ಪತ್ತಾಗುವುದರೊಳಗೆ ಸುಲಿದ ಅಡಿಕೆಯಷ್ಟು. ಅದರ ಮೈ ಎಷ್ಟು ನುಣುಪಾಗಿತ್ತೆಂದರೆ ನಮ್ಮ ದೀಪ ಅದರಲ್ಲಿ ತಲೆಕೆಳಗಾಗಿ ಕಾಣುತ್ತಿತ್ತು. ಹೀಗೆ ಬೆಳೆಯುತ್ತಿದ್ದ ಗುಳ್ಳೆ ಆಗಾಗ ಎಡಕ್ಕೋ ಬಲಕ್ಕೋ ಒಂದಿಷ್ಟು ಒಲೆಯುತ್ತಿತ್ತು. ನಾನು ಮೇಲೆ ಹೇಳಿದ ನೂರರಲ್ಲಿ ಒಂದೆರಡು ಪಾಲಿನ ಅಲುಗಾಟ ಇದೇ. ಗಾರೆಯವರ ರಸಮಟ್ಟದ ಗುಳ್ಳೆಯ ಹಾಗೆ ಅದು ಮುಂದಿನ ಕೋಣೆಯಲ್ಲಿರುವ ಮೂವರು ಪೈಲಟ್‌ಗಳ ಕೈ ಎಷ್ಟು ಸ್ಥಿರವಾಗಿದೆಯೆಂದು ನನಗೆ ಹೇಳುತ್ತಿತ್ತು. ಹೆಚ್ಚಿನ ಸಲ ಅದು ಅಲುಗಲೇ ಇಲ್ಲ. ಆಮೇಲೆ "ಪುಲ್ ಔಟ್" ಎಂಬ ಕೂಗು, ಭಾರ ಬಂದು ಬಿದ್ದು, ಆ ದೊಡ್ಡ ಗುಳ್ಳೆ ಒಂದೇ ಏಟಿಗೆ ಕಿತ್ತುಕೊಂಡು ಮೇಲೆ ಹೋಗಿ ಒಡೆಯಿತು. ಮತ್ತೆ ಸಾಸಿವೆಗಳು.

ಎರಡನೆಯ ದಿನ ನಾನು ನಿಯಮ ಮುರಿದೆ. ತೂಕ ಹೆಚ್ಚಿದ್ದ ಹೊತ್ತಿನಲ್ಲಿ ಪಕ್ಕದ ಪರದೆಯ ಅಂಕಿಯನ್ನು ನೋಡಲು ತಲೆ ತಿರುಗಿಸಿದೆ. ಇಡೀ ವಿಮಾನ ಒಂದು ಸುತ್ತು ಉರುಳಿದಂತಾಯಿತು. ಅಂಗಿಯ ಕಿಸೆಯಲ್ಲಿಟ್ಟಿದ್ದ ಚೀಲ ಉಪಯೋಗಕ್ಕೆ ಬಂತು, ಮುಂದಿನ ಐದು ಪರವಲಯಗಳನ್ನು ನೆಲಕ್ಕೆ ಬೆನ್ನು ಹಚ್ಚಿ, ಕಣ್ಣು ಮುಚ್ಚಿ ಕಳೆದೆ. ಉಮ್ಮತ್ತಕ್ಕೂ ಒಂದು ಮಿತಿಯಿದೆ.

ಮೂರನೆಯ ದಿನದ ತಪ್ಪು ಬೇರೆ ತರಹದ್ದು. ಯಂತ್ರದ ಮುಂದೆ ನಿಂತು ಕೆಲಸ ಮಾಡುವವರಿಗೆ ನೆಲದಲ್ಲಿ ಬಟ್ಟೆಯ ಪಟ್ಟಿಗಳನ್ನು ಬಿಗಿದಿರುತ್ತಾರೆ. ಅದರೊಳಗೆ ಪಾದ ತೂರಿಸಿಕೊಂಡರೆ ತೇಲಿಹೋಗುವುದಿಲ್ಲ. ಹದಿನೇಳನೆಯ ಪರವಲಯದಲ್ಲಿ ಕ್ಯಾಮೆರಾದ ಗುಂಡಿ ಒತ್ತಲು ಕೈ ಚಾಚಿದೆ. ಗುಂಡಿಯನ್ನು ನಾನು ಒತ್ತಿದಷ್ಟೇ ಬಲದಿಂದ ಗುಂಡಿಯೂ ನನ್ನನ್ನು ಒತ್ತಿತು, ನೆಲದ ಮೇಲೆ ಎಂದೂ ಗಮನಕ್ಕೆ ಬಾರದ ಸಂಗತಿ ಅದು. ಬಲಗಾಲು ಪಟ್ಟಿಯಿಂದ ಜಾರಿತು, ಎಡಗಾಲೂ ಅದರ ಹಿಂದೆ ಬಂತು, ನಾನು ಬೆನ್ನಡಿಯಾಗಿ ಮೇಲೆ ಹೋದೆ. ಹಿಡಿಯಲು ಏನೂ ಸಿಗದಾಗ ಎಷ್ಟು ಕೈಕಾಲು ಬಡಿದರೂ ಒಂದಂಗುಲ ಮುಂದೆ ಹೋಗಲಾಗುವುದಿಲ್ಲ. ಗಾಳಿಯಲ್ಲಿ ಈಜು ಬರುವುದಿಲ್ಲ. ಪೈಲಟ್ "ಟ್ವೆಂಟಿ" ಎನ್ನುವುದು ಕೇಳಿಸಿತು, ಎಂದರೆ ವಿಮಾನದ ಮೂತಿ ಕೆಳಗಾಗುತ್ತಿದೆ, ಇನ್ನು ಕೆಲವೇ ಸೆಕೆಂಡುಗಳಲ್ಲಿ 108 ಕಿಲೋದ ನಾನು ಬಿದ್ದಲ್ಲಿ ಬೀಳುತ್ತೇನೆ. ಸುರಕ್ಷತೆಗೆಂದೇ ಇದ್ದ ಸಿಬ್ಬಂದಿಯೊಬ್ಬರು ನನ್ನ ಅಂಗಿಯ ಬೆನ್ನಿಗೆ ಕೈಹಾಕಿ, ತೊಟ್ಟಿಲ ಕೂಸನ್ನು ಮಲಗಿಸುವ ಹಾಗೆ ನೆಲಕ್ಕೆ ತಂದು ಒರಗಿಸಿದರು. ಮೊಣಕಾಲಿಗೆ ಸ್ವಲ್ಪ ಪೆಟ್ಟಾಯಿತು, ಆ ಪರವಲಯದ ಅಳತೆ ಪೂರ್ತಿ ಹಾಳಾಯಿತು.

ಮೂರು ದಿನದ ಲೆಕ್ಕ ಹಾಕಿದರೆ ದಿನಕ್ಕೆ 31ರಂತೆ 93 ಪರವಲಯ, ತಲಾ 22 ಸೆಕೆಂಡು, ಒಟ್ಟು ಸುಮಾರು 34 ನಿಮಿಷ ನನಗೆ ತೂಕವಿರಲಿಲ್ಲ. ಆದರೆ ಪ್ರತಿಯೊಂದರ ಮುಂದೆ ಇಪ್ಪತ್ತು, ಹಿಂದೆ ಇಪ್ಪತ್ತು ಸೆಕೆಂಡು ಇಮ್ಮಡಿಗೆ ಹತ್ತಿರದ ತೂಕ ಹೊತ್ತದ್ದನ್ನು ಕೂಡಿಸಿದರೆ ಅದು ಒಂದು ಗಂಟೆ ದಾಟುತ್ತದೆ. ಹಗುರಾಗಿದ್ದುದಕ್ಕಿಂತ ಹೆಚ್ಚು ಹೊತ್ತು ನಾನು ಅಲ್ಲಿ ಭಾರವಾಗಿದ್ದೆ. ಫೋಟೋಗಳಲ್ಲಿ ಇದು ಕಾಣುವುದಿಲ್ಲ, ಆ ಹೊತ್ತಿನಲ್ಲಿ ಕ್ಯಾಮೆರಾ ಎತ್ತಲು ಯಾರಿಗೂ ಮನಸ್ಸಾಗುವುದಿಲ್ಲ.

ಮಾವನಿಗೆ ವಿಮಾನದ ವಿಷಯ ಹೇಳಿದ ಮರುದಿನ ಕೊನೆಗೌಡರು ಹತ್ತು ಗಂಟೆಯ ಚಹಾಕ್ಕೆ ಅಂಗಳಕ್ಕೆ ಬಂದರು. ಮರದಿಂದ ಇಳಿಯದೆ, ತಾನು ಕುಳಿತ ಮರವನ್ನೇ ತೂಗಿ ಬಾಗಿಸಿ ಪಕ್ಕದ ಮರಕ್ಕೆ ದಾಟುವವರು ಅವರು. ಬಾಗಿದ ಮರ ಬಿಟ್ಟಾಗ ರೊಯ್ಯನೆ ಹಿಂದಕ್ಕೆ ಬೀಸುತ್ತದೆ. ಹಾಗೆ ತೂಗುವಾಗ ಹೊಟ್ಟೆಯಲ್ಲಿ ಏನಾದರೂ ಆಗುತ್ತದೆಯೇ ಎಂದು ಕೇಳಿದೆ. "ಮೊದ್ಲು ಆಗ್ತಿತ್ರಾ. ಈಗ ಮರ ಹೋದಂಗೆ ನಾವೂ ಹೋಗೂದು" ಎಂದರು. ಅಮ್ಮಮ್ಮ ಫೋಟೋ ತೋರಿಸು ಎಂದಳು. ತೇಲುವ ಚಿತ್ರವನ್ನು ಕೊನೆಗೌಡರು ಒಮ್ಮೆ ನೋಡಿ ನಕ್ಕು, ಬೆರಳಿನಿಂದ ಪಕ್ಕಕ್ಕೆ ಸರಿಸಿದರು. ಎರಡನೆಯದು ಬಂತು. ಅದನ್ನು ದೊಡ್ಡದು ಮಾಡಲು ಹೇಳಿ, ನನ್ನ ಮುಖವನ್ನೂ ಯಂತ್ರವನ್ನೂ ಬಿಟ್ಟು, ನೆಲದ ಪಟ್ಟಿಗೆ ಸಿಕ್ಕಿಸಿದ್ದ ನನ್ನ ಕಾಲುಗಳನ್ನು ಬಹಳ ಹೊತ್ತು ನೋಡಿದರು. ಮರ ಹತ್ತುವಾಗ ಕಾಲಿಗೆ ಹಾಕಿಕೊಳ್ಳುವ ಹಗ್ಗದ ತಳೆ ಅವರ ಹೆಗಲ ಮೇಲೆ ಇತ್ತು.

"ಇದು ಜಾರಿರ್ಬೇಕಲ್ರಾ" ಎಂದರು.

ಜಾರಿದ್ದನ್ನು ನಾನು ಮನೆಯಲ್ಲಿ ಯಾರಿಗೂ ಹೇಳಿರಲಿಲ್ಲ. ಹೌದು, ಹೇಗೆ ಗೊತ್ತಾಯಿತು ಎಂದು ಕೇಳಿದೆ.

"ಬೆರಳಿಗೆ ಸಿಕ್ಸಿದ್ರಿ. ಜಾರ್ದೆ ಮತ್ತೆಂತ ಆಗ್ತದ್ರಾ? ತಳೆ ಪಾದದ ನಡೂಗೆ ಬರ್ಬೇಕು" ಎಂದು ಫೋನು ವಾಪಸು ಕೊಟ್ಟು, ಉಳಿದ ಚಹಾ ಕುಡಿದು, ತೋಟಕ್ಕೆ ಇಳಿದರು.